ಗಣಿಯೂರಿನ ದಿನಸಿ ಲೆಕ್ಕ

ಜರ್ಮನ್ ಭಾಷೆಯಲ್ಲಿ ‘ಎಸ್ಸೆನ್’ ಎಂದರೆ ಊಟ. ಆದರೆ ಜರ್ಮನಿಯ ಪಶ್ಚಿಮ ಭಾಗದಲ್ಲಿರುವ ಎಸ್ಸೆನ್ ನಗರಕ್ಕೂ ಊಟಕ್ಕೂ ಹೆಸರಿನ ನಂಟಿಲ್ಲ. ಸಾವಿರ ವರ್ಷಕ್ಕೂ ಹಳೆಯದಾದ ಬೇರೊಂದು ಸ್ಥಳನಾಮ ಜನರ ಬಾಯಲ್ಲಿ ಸವೆದು ಹೀಗಾಗಿದೆ. ಊರನ್ನು ಬೆಳೆಸಿದ್ದು ಕಲ್ಲಿದ್ದಲು ಮತ್ತು ಉಕ್ಕು. ರೂರ್ ಪ್ರದೇಶವೆಂದು ಕರೆಯುವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಹೊಗೆ ಕಾರದ ಬೀದಿ ಇರಲಿಲ್ಲ.

ರೈಲು ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ಹತ್ತಿದರೆ ಅದು ಉತ್ತರಕ್ಕೆ ಸಾಗಿ ತ್ಸೊಲ್‌ಫೆರಾಯ್ನ್ ಗಣಿಯ ಮುಂದೆ ಇಳಿಸುತ್ತದೆ. 1932ರಲ್ಲಿ ಕೆಲಸ ಆರಂಭಿಸಿದ ಇಲ್ಲಿನ 12ನೇ ಗಣಿಕೂಪದ ಕಬ್ಬಿಣದ ಗೋಪುರ ಇಂದಿಗೂ ನಿಂತಿದೆ. ದಿನಕ್ಕೆ 12 ಸಾವಿರ ಟನ್ ಕಲ್ಲಿದ್ದಲನ್ನು ಮೇಲೆತ್ತುವ ಸಾಮರ್ಥ್ಯ ಅದಕ್ಕಿತ್ತು. 1986ರ ಡಿಸೆಂಬರ್‌ನಲ್ಲಿ ಗಣಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಈಗ ಅಲ್ಲಿ ವಸ್ತು ಸಂಗ್ರಹಾಲಯವಿದೆ, ಶಾಲಾ ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಾರೆ.

ಪ್ರವಾಸಿಗರು ಗೋಪುರದ ಫೋಟೊ ತೆಗೆದು ಹಿಂದಿರುಗಿಬಿಡುತ್ತಾರೆ. ಆದರೆ ಮನೆವಾರ್ತೆಯ ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಇನ್ನೂ ಕುತೂಹಲದ ಜಾಗ ಪಕ್ಕದ ಶೊನ್ನೆಬೆಕ್ ಬಡಾವಣೆ. ಗಣಿ ಕಾರ್ಮಿಕರ ಕುಟುಂಬಗಳಿದ್ದ ಆ ಬಡಾವಣೆಯಲ್ಲಿ 1913ರಲ್ಲಿ ಆಲ್ಬ್ರೆಕ್ಟ್ ಕುಟುಂಬದ ಪುಟ್ಟ ಅಂಗಡಿಯೊಂದು ಹುಟ್ಟಿಕೊಂಡಿತು. ಅಂಗಡಿಯನ್ನು ಬಹುಕಾಲ ನಡೆಸಿದವರು ಮನೆಯೊಡತಿ ಆನಾ ಆಲ್ಬ್ರೆಕ್ಟ್. ಎರಡನೆಯ ಮಹಾಯುದ್ಧದ ನಂತರ ಅವರ ಮಕ್ಕಳಾದ ಕಾರ್ಲ್ ಮತ್ತು ಥಿಯೊ ವ್ಯಾಪಾರವನ್ನು ವಹಿಸಿಕೊಂಡರು. ಇಂದು ಹಲವು ದೇಶಗಳಲ್ಲಿ ಸಾವಿರಾರು ಮಳಿಗೆಗಳಿರುವ ‘ಆಲ್ಡಿ’ಯ ಬೇರು ಅದೇ. ಆಲ್ಬ್ರೆಕ್ಟ್ ಡಿಸ್ಕೌಂಟ್ ಎಂಬೆರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆಲ್ಡಿ.

ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದಲ್ಲಿ ಅಣ್ಣ ತಮ್ಮಂದಿರ ಬಳಿ ಬಂಡವಾಳ ಕಡಿಮೆ. ಅಂಗಡಿಯಲ್ಲಿ ಇಟ್ಟದ್ದೂ ಕೆಲವೇ ಸಾಮಾನು. ಕೈ ತುಂಬಿದ ಮೇಲೆ ಬಗೆಬಗೆಯ ಸರಕು ತುಂಬಿಸುವ ಯೋಚನೆ ಅವರಿಗಿತ್ತು. ಆದರೆ ಕೆಲವೇ ಸಾಮಾನಿದ್ದರೂ ಅಗ್ಗವಾಗಿದ್ದರೆ ಗಿರಾಕಿ ಬಂದೇ ಬರುತ್ತಾರೆಂದು ಅನುಭವ ಕಲಿಸಿತು. ಆಗ ಬೇರೆ ಅಂಗಡಿಗಳು ಕೊಂಡ ಸಾಮಾನಿಗೆ ತಕ್ಕಂತೆ ರಿಯಾಯಿತಿ ಚೀಟಿ ಕೊಡುತ್ತಿದ್ದವು. ಗಿರಾಕಿ ಅದನ್ನು ಪುಸ್ತಕಕ್ಕೆ ಅಂಟಿಸಿಟ್ಟು, ಪುಸ್ತಕ ತುಂಬಿದ ಮೇಲೆ ಶೇ. 3ರವರೆಗೆ ಹಣ ವಾಪಸು ಪಡೆಯಬೇಕಿತ್ತು. ಈ ಸಹೋದರರು ಅಂಟಿಸುವ ಗೋಜೇ ಬೇಡವೆಂದು ಆ ರಿಯಾಯಿತಿಯನ್ನು ಮೊದಲೇ ಕಳೆದು ಬೆಲೆ ಬರೆದರು. ಗಣಿಯಲ್ಲಿ ದುಡಿದು ಬಂದ ಸಂಬಳವನ್ನು ವಾರಕ್ಕೆ ಹಂಚಬೇಕಾದ ಗೃಹಿಣಿಗೆ ಇದಕ್ಕಿಂತ ಸರಳವಾದ ಲೆಕ್ಕ ಬೇರೆ ಬೇಕೆ?

1961ರಲ್ಲಿ ಸಹೋದರರು ವ್ಯವಹಾರ ಪಾಲು ಮಾಡಿಕೊಂಡರು. ಅಂಗಡಿಯಲ್ಲಿ ಸಿಗರೇಟು ಮಾರಬೇಕೋ ಬೇಡವೋ ಎಂಬ ಭಿನ್ನಮತ ಅದಕ್ಕೆ ಕಾರಣವೆಂದು ಹೇಳುವುದುಂಟು. ಉತ್ತರ ಭಾಗ ಥಿಯೊಗೆ, ದಕ್ಷಿಣ ಕಾರ್ಲ್‌ಗೆ. ಆಲ್ಡಿ ಎಂಬ ಫಲಕ ಮೊದಲು ಕಂಡದ್ದು 1962ರಲ್ಲಿ, ಸಮೀಪದ ಡಾರ್ಟ್‌ಮುಂಡ್‌ನಲ್ಲಿ. ಎಸ್ಸೆನ್ ನಗರ ಉತ್ತರದ ಪಾಲಿನ ಕೇಂದ್ರ. ರೈಲಿನಲ್ಲಿ ಕೆಲವೇ ನಿಮಿಷಗಳ ದೂರದ ಮ್ಯೂಲ್‌ಹೈಮ್ ದಕ್ಷಿಣದ್ದು. 1971ರಲ್ಲಿ ಥಿಯೊ ಅವರನ್ನು ಅಪಹರಿಸಿ ಹದಿನೇಳು ದಿನ ಒತ್ತೆ ಇಟ್ಟಿದ್ದ ಪ್ರಕರಣ ಆ ದೇಶದಲ್ಲಿ ದೊಡ್ಡ ಸುದ್ದಿಯಾಗಿತ್ತು. ಬಿಡುಗಡೆಗೆ ತೆತ್ತ ಹಣ 70 ಲಕ್ಷ ಮಾರ್ಕ್. ಥಿಯೊ 2010ರಲ್ಲಿ, ಕಾರ್ಲ್ 2014ರಲ್ಲಿ ತೀರಿಕೊಂಡರು.

ಈ ಕಥೆ ಕರ್ನಾಟಕದ ಮನೆಗಳಿಗೇಕೆ ಎಂದು ಕೇಳಬಹುದು. ಎಂಜಿನಿಯರಿಂಗ್ ಅಥವಾ ವಿಜ್ಞಾನ ಪದವಿ ಮುಗಿಸಿದ ನಮ್ಮ ಮಕ್ಕಳು ಉನ್ನತ ವ್ಯಾಸಂಗಕ್ಕೆ ಹೋಗುವ ದೇಶಗಳಲ್ಲಿ ಜರ್ಮನಿಯೂ ಒಂದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಮ್ಮೆ ಒಂದಷ್ಟು ವಂತಿಗೆ ಕಟ್ಟಿದರಾಯಿತು. ಆದರೆ ವೀಸಾ ಬೇಕಾದರೆ ಒಂದು ವರ್ಷದ ಊಟ ವಸತಿಯ ಖರ್ಚನ್ನು ಮುಂಚೆಯೇ ತೋರಿಸಬೇಕು. ಹೆಚ್ಚಿನವರು ಅದನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೊಗಳಿಗೆ ಏರಿಸಲಾಯಿತು. ಖಾತೆ ತಂದೆತಾಯಿ ತುಂಬಿದ್ದೇ ಆದರೂ ಅದರಿಂದ ತಿಂಗಳಿಗೆ ಹೊರಬರುವುದು ಹನ್ನೆರಡನೇ ಒಂದು ಭಾಗ ಮಾತ್ರ: 992 ಯೂರೊ. ಸಾಲ ಮಾಡಿ, ಒಡವೆ ಅಡವಿಟ್ಟು ಈ ಹಣ ಹೊಂದಿಸುವ ಮನೆಗಳೂ ಇವೆ.

ಆ 992ರಲ್ಲಿ ಕೋಣೆಯ ಬಾಡಿಗೆ ಹೋಗಬೇಕು. ಆರೋಗ್ಯ ವಿಮೆ ಕಡ್ಡಾಯ, ಅದಕ್ಕೆ ತಿಂಗಳಿಗೆ ಸುಮಾರು 150. ಮನೆಗೊಂದರಂತೆ ರೇಡಿಯೊ ಟಿವಿ ಶುಲ್ಕ 18.36, ಟಿವಿ ಇಲ್ಲವೆಂದರೂ ಬಿಡುವುದಿಲ್ಲ. ಫೋನು, ಪುಸ್ತಕ, ಚಳಿಗಾಲದ ಕೋಟು. ಇವೆಲ್ಲ ಕಳೆದು ಅಡುಗೆಮನೆಗೆ 170 ಯೂರೊ ಉಳಿಯಿತೆಂದುಕೊಳ್ಳೋಣ. ಬಾಡಿಗೆಯಲ್ಲಿ ಚೌಕಾಸಿ ನಡೆಯದು, ವಿಮೆಯಲ್ಲಿ ನಡೆಯದು. ಕೈಯಲ್ಲಿ ಹಿಡಿತವಿರುವುದು ದಿನಸಿಯ ಮೇಲೆ ಮಾತ್ರ.

ಇಲ್ಲೇ ಮೊದಲ ಲೆಕ್ಕ ತಪ್ಪುತ್ತದೆ. ತಿಂಗಳಿಗೆ ನಾಲ್ಕು ವಾರವೆಂದು 170ನ್ನು ನಾಲ್ಕರಿಂದ ಭಾಗಿಸಿ, ವಾರಕ್ಕೆ 42.50 ಯೂರೊ ಎಂದು ಬರೆದುಕೊಳ್ಳುವವರೇ ಹೆಚ್ಚು. ವರ್ಷಕ್ಕೆ 52 ವಾರ, ಹನ್ನೆರಡು ತಿಂಗಳು. 170ನ್ನು ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿದರೆ ಬರುವುದು 39.23. ವಾರಕ್ಕೆ ಮೂರು ಕಾಲು ಯೂರೊ ಹೆಚ್ಚು ಖರ್ಚಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳ ಕೊನೆಯ ಎರಡು ಮೂರು ದಿನ ಬರೀ ಬ್ರೆಡ್ ತಿನ್ನುವಾಗ ಗೊತ್ತಾಗುತ್ತದೆ.

ಇನ್ನು ಅಂಗಡಿಯ ಒಳಗೆ. ಹೊರಗೆ ಸರಪಳಿ ಹಾಕಿದ ತಳ್ಳುಗಾಡಿಗೆ ಒಂದು ಯೂರೊ ನಾಣ್ಯ ತೂರಿಸಿದರೆ ಅದು ಬಿಡಿಸಿಕೊಳ್ಳುತ್ತದೆ, ಗಾಡಿ ತಂದು ಜಾಗದಲ್ಲಿ ನಿಲ್ಲಿಸಿದಾಗ ನಾಣ್ಯ ವಾಪಸು. ಗಾಡಿಗಳನ್ನು ಒಟ್ಟುಮಾಡಲು ಆಳು ಬೇಕಿಲ್ಲ. ಒಳಗೆ ಥಳಕಿಲ್ಲ, ಹೆಚ್ಚಿನ ಸರಕು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಕುಳಿತಿರುತ್ತದೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಬಗೆಯ ಸರಕಿದ್ದರೆ ಇಲ್ಲಿ ಎರಡು ಸಾವಿರದ ಆಸುಪಾಸು, ಅದರಲ್ಲೂ ಹೆಚ್ಚಿನವು ಅಂಗಡಿಯದೇ ಹೆಸರಿನವು. ಬಗೆ ಕಡಿಮೆಯಾದಷ್ಟೂ ಒಂದೊಂದರ ಖರೀದಿ ದೊಡ್ಡದು, ಸಗಟು ದರ ಕಡಿಮೆ. ಅಗ್ಗದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಬೆಲೆ ಇಳಿಸಲು ಸಾಮಾನು ಕಳಪೆಯಾಗಿರಲೇಬೇಕೆಂಬ ನಮ್ಮ ಅನುಮಾನ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ.

ಹೊಸದಾಗಿ ಹೋದ ಹುಡುಗ ಮೊದಲು ಹುಡುಕುವುದು ಗೋಧಿ ಹಿಟ್ಟು. ಕಪಾಟಿನಲ್ಲಿ ಅತಿ ಅಗ್ಗದ ಹಿಟ್ಟಿನ ಮೇಲೆ 405 ಎಂಬ ಅಂಕಿ ಇರುತ್ತದೆ. ತಂದು ಚಪಾತಿ ಮಾಡಿದರೆ ಆರುವ ಮೊದಲೇ ರಬ್ಬರಿನಂತೆ ಎಳೆಯುತ್ತದೆ, ಏಕೆಂದರೆ ಅದು ನಮ್ಮ ಮೈದಾ. ಆ ಅಂಕಿಯಲ್ಲಿ ಒಂದು ಸೊಗಸಾದ ರಸಾಯನಶಾಸ್ತ್ರ ಅಡಗಿದೆ. ಹಿಟ್ಟನ್ನು ಕುಲುಮೆಯಲ್ಲಿ ಪೂರ್ತಿ ಸುಟ್ಟರೆ ಪಿಷ್ಟ, ಪ್ರೋಟೀನು ಎಲ್ಲ ಉರಿದುಹೋಗಿ ಖನಿಜಾಂಶ ಮಾತ್ರ ಬೂದಿಯಾಗಿ ಉಳಿಯುತ್ತದೆ. ನೂರು ಗ್ರಾಂ ಒಣ ಹಿಟ್ಟಿಗೆ ಸುಮಾರು 400 ಮಿಲಿಗ್ರಾಂ ಬೂದಿ ಉಳಿದರೆ ಅದು 405ನೇ ಹಿಟ್ಟು. ಸಾವಿರದ ಮೇಲೆ ಉಳಿದರೆ 1050. ಖನಿಜಗಳು ಹೆಚ್ಚಾಗಿರುವುದು ತೌಡಿನ ಪದರದಲ್ಲಿ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ತೌಡು ಹೆಚ್ಚು, ಚಪಾತಿಗೆ ಹತ್ತಿರ. ಇಡಿಯ ಗೋಧಿಯ ಹಿಟ್ಟನ್ನೂ 405ನ್ನೂ ಬೆರೆಸಿಕೊಳ್ಳುವವರಿದ್ದಾರೆ. ರವೆಗೆ ಪರದಾಟವಿಲ್ಲ, ಗ್ರೀಸ್ ಎಂಬ ಹೆಸರಿನಲ್ಲಿ ಸಿಗುತ್ತದೆ, ಉಪ್ಪಿಟ್ಟಿಗೆ ಧಾರಾಳ ಸಾಕು.

ಪ್ರತಿ ಸಾಮಾನಿನ ಬೆಲೆಚೀಟಿಯಲ್ಲಿ ದೊಡ್ಡ ಅಂಕಿಯ ಕೆಳಗೆ ಒಂದು ಚಿಕ್ಕ ಅಂಕಿ ಇರುತ್ತದೆ. ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಅದು. ಅದನ್ನು ಬರೆಯಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. 2022ರ ಮೇ ತಿಂಗಳಿನವರೆಗೆ ಸಣ್ಣ ಪೊಟ್ಟಣಗಳಿಗೆ ನೂರು ಗ್ರಾಮಿನ ದರ ಹಾಕಬಹುದಿತ್ತು, ನೋಡುವವರಿಗೆ ಗೊಂದಲವಾಗುತ್ತಿತ್ತು; ಈಗ ಕಿಲೋ ಮತ್ತು ಲೀಟರಿನ ದರವೇ ಇರಬೇಕು. 400 ಗ್ರಾಮಿನ ಪೊಟ್ಟಣ 1.59, 650 ಗ್ರಾಮಿನದು 2.29 ಎಂದರೆ ಬಾಯಿಲೆಕ್ಕಕ್ಕೆ ಯಾವುದು ಅಗ್ಗ? ಮೊದಲನೆಯದು ಕಿಲೋಗೆ 3.98, ಎರಡನೆಯದು 3.52. ಚಿಕ್ಕ ಅಂಕಿ ಓದುವವನಿಗೆ ಭಾಗಾಕಾರ ಬೇಕಿಲ್ಲ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವೆಂಬ ನಂಬಿಕೆಯೂ ಈ ಅಂಕಿಯ ಮುಂದೆ ಹಲವು ಬಾರಿ ಸುಳ್ಳಾಗುತ್ತದೆ. ನೀರಿನಲ್ಲಿ ಹಾಗೇ ಹಾಕಿ ಬೇಯಿಸುವ ಸಣ್ಣ ಚೀಲಗಳ ಅಕ್ಕಿಯನ್ನೂ ಪಕ್ಕದ ಬಿಡಿ ಅಕ್ಕಿಯನ್ನೂ ಹೋಲಿಸಿದರೆ ಸಾಕು.

ಈ ಅಂಕಿ ನೆರವಾಗದ ಜಾಗವೂ ಇದೆ. ಹೂಕೋಸು, ಸೌತೆಕಾಯಿ ಅಲ್ಲಿ ತೂಕಕ್ಕಲ್ಲ, ಬಿಡಿ ಲೆಕ್ಕಕ್ಕೆ. ಆಗ ಕೈಯೇ ತಕ್ಕಡಿ. ಎರಡು ಎತ್ತಿ ನೋಡಿ ಭಾರವಾದದ್ದನ್ನು ಗಾಡಿಗೆ ಹಾಕಬೇಕು. ಹೀಗೆ ಬಿಡಿಯಾಗಿ ಸಿಗುವ ಇನ್ನೊಂದು ತರಕಾರಿ ಕಂಡಾಗ ನಮ್ಮವರಿಗೆ ಊರಿನ ಸಂತೆ ನೆನಪಾಗುತ್ತದೆ: ಅದು ನವಿಲುಕೋಸು. ‘ಕೋಲ್‌ರಾಬಿ’ ಎಂದು ಜರ್ಮನರು ಅಕ್ಕರೆಯಿಂದ ತಿನ್ನುವ ಗೆಡ್ಡೆ. ಅದರ ಹುಳಿಯ ರುಚಿ ಮಾತ್ರ ಅವರಿಗಿನ್ನೂ ಗೊತ್ತಿಲ್ಲ, ಪಾಪ!

ಹುಳಿಗೆ ತೊಗರಿಬೇಳೆ ಬೇಕಲ್ಲ. ಅದು ಇಲ್ಲಿ ನೋಡಸಿಗುವುದಿಲ್ಲ. ಕೆಂಪು ಮಸೂರ ಬೇಳೆ, ಕಾಬೂಲಿ ಕಡಲೆ ಸಿಗುತ್ತವೆ. ತೊಗರಿ, ಇಂಗು, ದೊಡ್ಡ ಚೀಲದ ಅಕ್ಕಿಗೆ ಭಾರತೀಯ ಅಂಗಡಿ. ಕೊತ್ತಂಬರಿ, ಪುದೀನ, ಹಸಿ ಮೆಣಸಿನಕಾಯಿಗೆ ತುರ್ಕಿಯವರ ಅಂಗಡಿ. ಹಾಲು, ಮೊಸರು, ಎಣ್ಣೆ, ಈರುಳ್ಳಿ, ಆಲೂಗೆಡ್ಡೆ ಮಾತ್ರ ಆಲ್ಡಿಯಂಥ ಕಡೆಯೇ ಸರಿ. ವಾರದ ಚೀಟಿಯನ್ನು ಮನೆಯಲ್ಲೇ ಎರಡು ಭಾಗವಾಗಿ ಬರೆದುಕೊಂಡವರಿಗೆ ಕಾಲಿಗೂ ಜೇಬಿಗೂ ದಣಿವು ಕಡಿಮೆ.

ಬೆಲೆಗಳೇನೂ ಸ್ಥಿರವಲ್ಲ. ಜರ್ಮನಿಯಲ್ಲಿ ಆಹಾರ ಪದಾರ್ಥಗಳ ಬೆಲೆ 2022ರಲ್ಲಿ ಶೇ. 13ರಷ್ಟು, 2023ರಲ್ಲಿ ಮತ್ತೆ ಶೇ. 12ರಷ್ಟು ಏರಿತು. ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯನ್ನು ಒಬ್ಬರಿಗೆ ಇಷ್ಟೇ ಬಾಟಲಿ ಎಂದು ಮಿತಿ ಹಾಕಿ ಮಾರಿದ ಅಂಗಡಿಗಳಿದ್ದವು. 2024ರ ಅಕ್ಟೋಬರ್‌ನಲ್ಲಿ ಕಾಲು ಕಿಲೋ ಬೆಣ್ಣೆ 2.39 ಯೂರೊಗೆ ಮುಟ್ಟಿ ಜನ ಹೌಹಾರಿದರು, ಮರುವರ್ಷ ಇಳಿಯಿತು. ಬೆಣ್ಣೆ ಇಳಿದಾಗ ನಾಲ್ಕು ಪೊಟ್ಟಣ ತಂದು ಕಾಸುವುದು ಬಲ್ಲವರ ಉಪಾಯ. ಅಲ್ಲಿನ ಬೆಣ್ಣೆಯಲ್ಲಿ ಕೊಬ್ಬು ಶೇ. 82, ಅಂದರೆ ಕಾಲು ಕಿಲೋಗೆ ಇನ್ನೂರು ಗ್ರಾಮಿನಷ್ಟು ತುಪ್ಪ. ಕೆಡದೆ ಬಹುದಿನ ನಿಲ್ಲುತ್ತದೆ, ಸಿದ್ಧ ತುಪ್ಪದ ಡಬ್ಬಿಯ ಖರ್ಚೂ ಉಳಿಯುತ್ತದೆ.

ಇಷ್ಟೆಲ್ಲ ಉಳಿಸಿದವನು ಅದನ್ನು ಕಳೆದುಕೊಳ್ಳುವುದು ಅಂಗಡಿಯ ನಡುವಿನ ಸಾಲಿನಲ್ಲಿ. ವಾರಕ್ಕೆ ಎರಡು ಮೂರು ಬಾರಿ ಅಲ್ಲಿ ಹೊಸ ಸರಕು ಬಂದು ಬೀಳುತ್ತದೆ: ಉಣ್ಣೆಯ ಕಾಲುಚೀಲ, ಬಾಣಲೆ, ಡ್ರಿಲ್ಲಿಂಗ್ ಯಂತ್ರ, ಸೈಕಲ್ ಪಂಪು. ಮುಗಿದರೆ ಮುಗಿಯಿತು. 1990ರ ದಶಕದಲ್ಲಿ ಇಲ್ಲಿ ಅಗ್ಗದ ಕಂಪ್ಯೂಟರ್ ಬಂದಾಗ ಜನ ಬಾಗಿಲು ತೆರೆಯುವ ಮುಂಚೆಯೇ ಸರದಿ ನಿಂತಿದ್ದರು. ಅಕ್ಕಿ ಬೇಳೆಯಲ್ಲಿ ಎಂಬತ್ತು ಸೆಂಟು ಉಳಿಸಿ, ಬೇಡದ ದೀಪಕ್ಕೆ ಹದಿನೈದು ಯೂರೊ ತೆತ್ತು ಬರುವುದು ಅಗ್ಗದ ಅಂಗಡಿಯಲ್ಲೇ ಹೆಚ್ಚು. ದುಬಾರಿ ಅಂಗಡಿಯಲ್ಲಿ ಕೈ ತಾನಾಗಿ ಹಿಂಜರಿಯುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಚೀಟಿಯಲ್ಲಿಲ್ಲದ ಸಾಮಾನನ್ನು ಇಂದು ಬಿಟ್ಟು, ಮುಂದಿನ ವಾರವೂ ಬೇಕೆನಿಸಿದರೆ ನೋಡೋಣವೆಂದುಕೊಳ್ಳುವವರಿಗೆ ಸಾಮಾನ್ಯವಾಗಿ ಅದು ಮರೆತೇ ಹೋಗುತ್ತದೆ.

ನೀರಿನ ಬಾಟಲಿಯೂ ಇಂಥದೇ ಸೋರಿಕೆ. ನಲ್ಲಿಯ ನೀರು ಅಲ್ಲಿ ನೇರವಾಗಿ ಕುಡಿಯಲು ಯೋಗ್ಯ. ಹಾಲು, ಹಿಟ್ಟು, ತರಕಾರಿಗೆ ಶೇ. 7 ತೆರಿಗೆಯಾದರೆ ಬಾಟಲಿ ನೀರಿಗೆ ಶೇ. 19. ಸಾಲದ್ದಕ್ಕೆ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟು ಠೇವಣಿ. ಆರು ಬಾಟಲಿಗೆ ಒಂದೂವರೆ ಯೂರೊ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಕೊಟ್ಟರೆ ಹಣ ವಾಪಸು ಬರುತ್ತದೆ, ಕೋಣೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಬರುವುದಿಲ್ಲ. ನಿಲ್ದಾಣದ ಕಸದ ಬುಟ್ಟಿಗಳಲ್ಲಿ ಈ ಬಾಟಲಿಗಾಗಿ ಕೈಯಾಡಿಸುವ ವೃದ್ಧರನ್ನು ಆ ಶ್ರೀಮಂತ ದೇಶದಲ್ಲೂ ಕಾಣಬಹುದು. ಅವರು ತಡಕಾಡದಿರಲೆಂದು ಬಾಟಲಿಯನ್ನು ಬುಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಹೋಗುವವರೂ ಇದ್ದಾರೆ.

ಊರಿನಲ್ಲಿರುವ ತಂದೆತಾಯಿಗೂ ಒಂದು ಮಾತು. ಮಗಳು ಹೂಕೋಸಿಗೆ ಎರಡು ಯೂರೊ ಕೊಟ್ಟೆನೆಂದಾಗ ಅದನ್ನು ರೂಪಾಯಿಗೆ ಗುಣಿಸಿ ‘ಅಯ್ಯೋ, ಒಂದು ಕೋಸಿಗೆ ಇಷ್ಟೊಂದೇ!’ ಎಂದು ಉದ್ಗರಿಸಿದರೆ, ಮುಂದಿನ ವಾರದಿಂದ ಆಕೆ ತರಕಾರಿ ಕೊಳ್ಳುವುದನ್ನೋ ನಿಜ ಹೇಳುವುದನ್ನೋ ನಿಲ್ಲಿಸುತ್ತಾಳೆ. ಉಪವಾಸವಿದ್ದು ಉಳಿಸಿದ ಹಣ ಆಸ್ಪತ್ರೆಗೆ ಹೋದೀತು. ಕೇಳಬೇಕಾದ ಪ್ರಶ್ನೆ ಬೇರೆ: ವಾರದ ನಲವತ್ತರಲ್ಲಿ ಎಷ್ಟು ಉಳಿದಿದೆ?

ಭಾನುವಾರ ಅಂಗಡಿಗಳಿಗೆ ರಜೆ. ಆದ್ದರಿಂದ ಶನಿವಾರ ಸಂಜೆ ಸಾಲು ಉದ್ದ. ಗಲ್ಲಾದಲ್ಲಿ ಕುಳಿತವರ ವೇಗ ನೋಡಬೇಕು. ಸ್ಕ್ಯಾನರ್ ಬರುವ ಮುಂಚೆ ಅವರು ಬೆಲೆ ಅಥವಾ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡು ಒತ್ತುತ್ತಿದ್ದರಂತೆ. ಚೀಲಕ್ಕೆ ತುಂಬುತ್ತ ಅಲ್ಲಿ ನಿಲ್ಲುವಂತಿಲ್ಲ. ಎಲ್ಲವನ್ನೂ ಗಾಡಿಗೆ ತಳ್ಳಿಕೊಂಡು ಪಕ್ಕಕ್ಕೆ ಸರಿದು, ಊರಿನಿಂದ ತಂದ ಬಟ್ಟೆ ಚೀಲಕ್ಕೆ ಆಲೂಗೆಡ್ಡೆ ಕೆಳಗೆ, ಮೊಸರು ಮೇಲೆ ಬರುವಂತೆ ಜೋಡಿಸಿಕೊಂಡು, ರಸೀದಿಯನ್ನು ಜೇಬಿಗಿಟ್ಟು ಹೊರಟರೆ ಟ್ರಾಮ್ ಬರಲು ಇನ್ನು ನಾಲ್ಕು ನಿಮಿಷ.