ಎಡಗಡೆ ಪೆಡಲ್ ಉಲ್ಟಾ

ಸೈಕಲ್‌ನ ಬಲಗಡೆ ಪೆಡಲನ್ನು ಎಲ್ಲ ಬೋಲ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡಗಡೆಯದು ಉಲ್ಟಾ, ಎಡಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದವರು ಸ್ಪ್ಯಾನರ್ ಹಿಡಿದು ಜೋರು ಮಾಡಿದರೆ ಕ್ರ್ಯಾಂಕಿನ ಥ್ರೆಡ್ ಕಿತ್ತು ಬರುತ್ತದೆ. ಪೆಡಲಿನ ಕಡ್ಡಿ ಗಟ್ಟಿ ಉಕ್ಕು, ಕ್ರ್ಯಾಂಕ್ ಅದಕ್ಕಿಂತ ಮೆದು. ಸೋಲುವುದು ಕ್ರ್ಯಾಂಕೇ.

ನಮ್ಮಕ್ಕನ ಮಗಳ ಸೈಕಲ್‌ಗೆ ಆದದ್ದೂ ಇದೇ. ಯಾರೋ ಪೆಡಲ್ ಬದಲಿಸಿ ಕೊಟ್ಟಿದ್ದರು. ಸೊಟ್ಟಗೆ ಕೂತಿತ್ತು. ಅದರಲ್ಲೇ ಹತ್ತು ದಿನ ತುಳಿದಳು, ಆಮೇಲೆ ಒಂದು ಬೆಳಿಗ್ಗೆ ಪೆಡಲ್ ರಸ್ತೆಗೆ ಬಿತ್ತು. ಹೈಸ್ಕೂಲು 6 ಕಿಲೋಮೀಟರ್. ಬಸ್ಸು ಇರುವುದು 7 ಗಂಟೆಗೆ, ಬಿಟ್ಟರೆ 11ಕ್ಕೆ. ಸೈಕಲ್ ನಿಂತ ಮೂರನೇ ದಿನಕ್ಕೇ ಮನೆಯಲ್ಲಿ ಬೇರೆ ಮಾತು ಎದ್ದಿತ್ತು. ‘ಒಂಬತ್ತನೇ ಕ್ಲಾಸ್‌ವರೆಗೆ ಓದಿದ್ದು ಸಾಕು ಬಿಡು’ ಅಂದರು ಭಾವನ ತಾಯಿ. ಭಾವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಊರಿನ ಅಂಗಡಿಯವರು ಪೆಡಲನ್ನು ಕ್ರ್ಯಾಂಕಿಗೆ ವೆಲ್ಡಿಂಗ್ ಮಾಡಿಬಿಡ್ತೀನಿ ಅಂದರು. ಬೇಡ ಅಂದೆ. ತುಂಬಾ ಜನ ಹಾಗೇ ಮಾಡಿಸುತ್ತಾರೆ, ಆದರೆ ಆ ಶಾಖಕ್ಕೆ ಪೆಡಲಿನೊಳಗಿನ ಗ್ರೀಸ್ ಕರಗಿ ಹೋಗುತ್ತದೆ. ಮುಂದೆ ಬಾಲ್ಸ್ ಸವೆದಾಗ ಪೆಡಲ್ ಬಿಚ್ಚೋಕಾಗದೆ ಕ್ರ್ಯಾಂಕ್ ಸಮೇತ ಗುಜರಿಗೆ ಹಾಕಬೇಕು.

ಮೊದಲು ನೋಡಬೇಕಾದ್ದು ಥ್ರೆಡ್ ಎಷ್ಟು ಹೋಗಿದೆ ಅಂತ. ತೂತಿನ ಹೊರಬಾಯಿಯ ಎರಡು ಮೂರು ಸುತ್ತು ಮಾತ್ರ ಕೆಟ್ಟಿದ್ದರೆ ಒಳಗಡೆಯಿಂದ, ಅಂದರೆ ಸೈಕಲ್ ಫ್ರೇಮಿನ ಕಡೆಯಿಂದ ಟ್ಯಾಪ್ ಹೊಡೆಸಬೇಕು. ಆ ಕಡೆ ಥ್ರೆಡ್ ಚೆನ್ನಾಗಿರುತ್ತದೆ, ಟ್ಯಾಪ್ ನೆಟ್ಟಗೆ ದಾರಿ ಹಿಡಿದು ಬಂದು ಕೆಟ್ಟ ಸುತ್ತುಗಳನ್ನು ಸರಿಮಾಡುತ್ತದೆ. ಸಾಮಾನ್ಯ ದೊಡ್ಡ ಸೈಕಲ್ ಪೆಡಲಿನ ಅಳತೆ 9/16 ಇಂಚು, ಇಂಚಿಗೆ 20 ಸುತ್ತು. ಎರಡೂ ಕಡೆ ಒಂದೇ ಕಂಬಿ ಬಾಗಿಸಿ ಮಾಡಿದ ಕ್ರ್ಯಾಂಕ್ ಇರುವ ಮಕ್ಕಳ ಸೈಕಲ್‌ಗಳಲ್ಲಿ 1/2 ಇಂಚು. ಎಡಗಡೆಗೆ ಎಡ ಥ್ರೆಡ್ಡಿನ ಟ್ಯಾಪೇ ಬೇಕು.

ನಮ್ಮದರಲ್ಲಿ ಒಂದು ಸುತ್ತೂ ಉಳಿದಿರಲಿಲ್ಲ. ಇಂಥದ್ದಕ್ಕೆ ಹೊಸ ಎಡ ಕ್ರ್ಯಾಂಕ್ ಹಾಕಿಸುವುದೇ ಸುಲಭ, ಕಾಟರ್ ಪಿನ್ ಇರುವ ಸೈಕಲ್‌ನಲ್ಲಿ ಅದೊಂದೇ ಬಿಚ್ಚಿ ಬರುತ್ತದೆ. ತಾಲ್ಲೂಕಿನ ಅಂಗಡಿಯಲ್ಲಿ ಆ ಅಳತೆಯದು ಇರಲಿಲ್ಲ, ಹದಿನೈದು ದಿನ ಆಗುತ್ತೆ ಅಂದರು. ಹದಿನೈದು ದಿನ ಆ ಮನೆಯಲ್ಲಿ ದೊಡ್ಡ ಕಾಲ. ಪಿನ್ನಿನ ನಟ್ಟನ್ನು ತುದಿಗೆ ಸಡಿಲ ಮಾಡಿ, ಪೂರ್ತಿ ತೆಗೆಯದೆ ಅದರ ಮೇಲೇ ಸುತ್ತಿಗೆಯಲ್ಲಿ ತಟ್ಟಿ ಸಡಿಲಿಸಿದೆ. ಬರೀ ಪಿನ್ನಿಗೆ ಹೊಡೆದರೆ ಅದರ ತಲೆ ಚಪ್ಪಟೆಯಾಗುತ್ತದೆ. ಕ್ರ್ಯಾಂಕ್ ಬಿಚ್ಚಿಕೊಂಡು ಲೇತ್ ಅಂಗಡಿಗೆ ಹೋದೆ.

ಮೇಸ್ತ್ರಿ ತೂತನ್ನು ಅಗಲ ಮಾಡಿ, ಥ್ರೆಡ್ ಕೊಯ್ದು, ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಬುಶ್ ಕೂರಿಸಿದರು. ಒಂದೂವರೆ ಗಂಟೆ, 200 ರೂಪಾಯಿ. ಎಡದ್ದು ಯಾಕೆ ಉಲ್ಟಾ ಅಂತ ಕೇಳಿದ್ದಕ್ಕೆ ಒರಳಿನ ಉದಾಹರಣೆ ಕೊಟ್ಟರು. ಗುಂಡುಕಲ್ಲನ್ನು ಒರಳಿನ ಗೋಡೆಗೆ ಒತ್ತಿ ಬಲಕ್ಕೆ ಸುತ್ತಿಸಿ, ಹಿಡಿತ ಸಡಿಲ ಬಿಟ್ಟರೆ ಕಲ್ಲು ತನ್ನಷ್ಟಕ್ಕೆ ಎಡಕ್ಕೆ ಹೊರಳುತ್ತದೆ. ಕಾಲಿನ ಭಾರಕ್ಕೆ ಪೆಡಲ್ ಕಡ್ಡಿಯೂ ತೂತಿನಲ್ಲಿ ಹಾಗೇ ಹೊರಳುತ್ತದಂತೆ. ಎಡಗಡೆಗೂ ಮಾಮೂಲಿ ಥ್ರೆಡ್ ಕೊಟ್ಟಿದ್ದರೆ ತುಳಿಯುತ್ತಾ ತುಳಿಯುತ್ತಾ ಬಿಚ್ಚಿಕೊಳ್ಳುತ್ತಿತ್ತು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಯಾರೂ ಇಷ್ಟು ಚೆನ್ನಾಗಿ ಏನನ್ನೂ ಬಿಡಿಸಿ ಹೇಳಿರಲಿಲ್ಲ.

ಸಂಜೆ ಕಡ್ಡಿಗೆ ಗ್ರೀಸ್ ಸವರಿ, ಮೊದಲು ಬೆರಳಲ್ಲೇ ನಾಲ್ಕೈದು ಸುತ್ತು ಹಾಕಿ, ಆಮೇಲೆ ಸ್ಪ್ಯಾನರ್ ಹಿಡಿದೆ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಸೊಟ್ಟ ಕೂತಿದೆ ಅಂತಲೇ ಅರ್ಥ, ವಾಪಸ್ ಬಿಚ್ಚಬೇಕು. ಕಡ್ಡಿಯ ತುದಿಯಲ್ಲಿ ಎಲ್, ಆರ್ ಅಂತ ಗುರುತು ಇರುತ್ತದೆ, ಎಲ್ ಎಡಕ್ಕೆ. ಸ್ಪ್ಯಾನರನ್ನು ಮೇಲ್ಮುಖವಾಗಿ ಇಟ್ಟು ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಗಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲ.

ಭಾವ ಬಂದು ನೋಡಿದರು. ಏನೂ ಮಾತಾಡಲಿಲ್ಲ, ಒಳಗಿಂದ ಎಣ್ಣೆ ತಂದು ಚೈನಿಗೆ ಬಿಟ್ಟರು. ಸೋಮವಾರ ಹುಡುಗಿ ಶಾಲೆಗೆ ಹೋದಳು. ವಾರ ಬಿಟ್ಟು ಇನ್ನೊಂದು ಸಲ ಬಿಗಿ ಮಾಡು ಅಂದಿದ್ದೆ, ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಫೋನ್ ಮಾಡಿದಳು: ‘ಮಾವ, ಮುಂದಿನ ಚಕ್ರದ ಕಡೆಗೇ ತಾನೇ?’