ಅಣ್ಣ ನರಸಿಂಹ, ತಮ್ಮ ಯಾರು?

ಹೆಸರಿಡಬೇಕಾದ ಮಗುವಿರುವ ಮನೆಯಲ್ಲಿ ಸಲಹೆಗೆ ಬರವಿಲ್ಲ, ಅಲ್ಲವೇ ಸೋದರಿಯರೇ? ಬನಶಂಕರಿ ಎರಡನೇ ಹಂತದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಈಗ ಅದೇ ಗಲಾಟೆ. ಎರಡನೆಯದೂ ಗಂಡು. ಹನ್ನೊಂದನೇ ದಿನ ಸೂತಕ ಕಳೆಯಿತು. ನಾಮಕರಣ ಮಾತ್ರ ಮೂರನೇ ತಿಂಗಳಿಗೆ ಹೋಗಿದೆ. ಕಾರಣ, ಹೆಸರೇ ಕುದುರಿಲ್ಲ! ದೊಡ್ಡವನು ನರಸಿಂಹ. ಅದಕ್ಕೆ ಜೋಡಿ ಹೆಸರು ಯಾವುದು?

ದೊಡ್ಡವನಿಗೆ ಇಟ್ಟಿದ್ದು ನಮ್ಮ ತಂದೆಯವರ ಹೆಸರು. ತಾತನ ಹೆಸರು ಮೊಮ್ಮಗನಿಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ನಮ್ಮಮ್ಮನ ಪಾಡು ಕೇಳಿ. ನಲವತ್ತು ವರ್ಷ ಸಂಸಾರ ಮಾಡಿದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಮದುವೆಯಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತಾಗ ಒಗಟು ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ಈಗ ಮೊಮ್ಮಗನನ್ನು ಕರೆಯುವುದು ಹೇಗೆ? "ಮರಿ" ಅನ್ನುತ್ತಾರೆ, ತಪ್ಪಿದರೆ "ಏ ಇವನೇ". ತಮ್ಮನ ಹೆಂಡತಿಗೆ ಆ ಸಂಕೋಚವಿಲ್ಲ. "ನರಸಿಂಹಾ, ಹಾಲು ಕುಡಿದ್ಯೋ ಇಲ್ವೋ, ಬಂದೆ ನೋಡು ಈಗ!" ಎಂದು ಅಡುಗೆಮನೆಯಿಂದಲೇ ಕೂಗುತ್ತಾಳೆ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ತಂದೆಯವರು ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದೇ ಆಗ.

ಈಗ ಸಲಹೆಗಳನ್ನು ನೋಡಿ. ಪಕ್ಕದ ಮನೆಯವರು, "ಪ್ರಹ್ಲಾದ ಅಂತಿಡಿ, ಚೆನ್ನಾಗಿ ಹೊಂದತ್ತೆ" ಎಂದರು. ಹೊಂದುತ್ತದೆ, ನಿಜ. ಹಾಗಂತ ತಮ್ಮನಾದವನು ಜೀವಮಾನವೆಲ್ಲ ಅಣ್ಣನಿಗೆ ಕೈಮುಗಿದುಕೊಂಡು ನಿಲ್ಲಬೇಕೇನು? ಜಯನಗರದ ಚಿಕ್ಕಮ್ಮನ ಸೊಸೆ ಮೊಬೈಲಿನಲ್ಲಿ ಹುಡುಕಿ ವಿಹಾನ್, ರೇಯಾನ್, ಅಯಾನ್ ಎಂದು ಪಟ್ಟಿಯನ್ನೇ ಕಳಿಸಿದಳು. ತಮ್ಮನ ಹೆಂಡತಿಯ ಮನಸ್ಸೂ ಆ ಕಡೆಗೇ ಇದೆ. ಅವಳನ್ನು ಬೈಯುವಂತಿಲ್ಲ. ಶಾಲೆಯಲ್ಲಿ ಹುಡುಗರು ನರಸಿಂಹನನ್ನು "ತಾತಾ, ತಾತಾ" ಎಂದು ಕರೆದು ನಗುತ್ತಾರಂತೆ. ಒಂದು ದಿನ ಅವನು ಊಟ ಬಿಟ್ಟು ಅತ್ತನಂತೆ. ಹೆತ್ತ ಕರುಳು ಸುಮ್ಮನಿರುತ್ತದೆಯೇ?

ಆದರೂ ನನಗೆ ಬೇರೊಂದು ಯೋಚನೆ. ತಮ್ಮನಿಗೆ ಹೊಸ ಮಾದರಿಯ ಹೆಸರಿಟ್ಟರೆ, ನನಗೊಬ್ಬನಿಗೇ ಯಾಕೆ ಹಳೆಯದು ಎಂದು ದೊಡ್ಡವನು ಕೇಳಿದರೆ ಏನು ಹೇಳೋಣ? ಆಗ ಆ ಹೆಸರು ಅವನಿಗೆ ನಿಜವಾಗಿಯೂ ಭಾರವಾದೀತು.

ಜೋಡಿ ಎಂದರೆ ಪ್ರಾಸ ಎಂದು ಬಹಳ ಜನ ತಿಳಿದಿದ್ದಾರೆ. ಪ್ರಾಸದ ಕಷ್ಟ ನನ್ನನ್ನು ಕೇಳಿ! ನಾವು ಮೂವರು ಅಕ್ಕತಂಗಿಯರು ಉಮಾ, ರಮಾ, ಸುಮಾ. ಒಬ್ಬಳನ್ನು ಕರೆಯಬೇಕಾದರೆ ತಂದೆಯವರು ಮೂರು ಹೆಸರನ್ನೂ ಹೇಳಿ ಮುಗಿಸುತ್ತಿದ್ದರು. ಹಿಂದಿನ ಮನೆಗಳಲ್ಲಿ ರಮೇಶ, ಸುರೇಶ, ಗಿರೀಶ, ಹರೀಶ ಎಂದು ಸಾಲಾಗಿ ಇದ್ದವರ ಅವಸ್ಥೆಯೂ ಇದೇ.

ನಮ್ಮ ಕಡೆಯಿಂದ ಪೇಟೆಗೆ ಹೋಗುವವರಿಗೆ ಎನ್.ಆರ್. ಕಾಲೋನಿ, ಕೆ.ಆರ್. ಮಾರ್ಕೆಟ್ ಎರಡೂ ಬಾಯಿಪಾಠ. ಅವು ಅಣ್ಣತಮ್ಮಂದಿರ ಹೆಸರು ಎಂಬುದು ಎಷ್ಟು ಜನರಿಗೆ ನೆನಪಿದೆಯೋ! ಅಣ್ಣ ನಾಲ್ವಡಿ ಕೃಷ್ಣರಾಜ ಒಡೆಯರು, ಹುಟ್ಟಿದ್ದು 1884ರಲ್ಲಿ. ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, 1888ರಲ್ಲಿ. ಪ್ರಾಸವಿಲ್ಲ, ಒಂದೇ ಅಕ್ಷರದಿಂದ ಶುರುವಾಗುವುದೂ ಇಲ್ಲ. ಆದರೆ ಎರಡೂ ಅದೇ ಮನೆತನದ ಹಿರಿಯರ ಹೆಸರುಗಳು. ನಾಲ್ವಡಿ ಎಂದರೇ ನಾಲ್ಕನೆಯವರು; ಮೂರು ಕೃಷ್ಣರಾಜರು ಮೊದಲೇ ಆಗಿಹೋಗಿದ್ದರು. ಕಂಠೀರವ ನರಸರಾಜರಂತೂ 1638ರಲ್ಲೇ ಪಟ್ಟಕ್ಕೆ ಬಂದವರು. ಜೋಡಿ ಅಂದರೆ ಹೀಗಿರಬೇಕು ಎಂದು ನನ್ನ ಅಭಿಪ್ರಾಯ. ಎರಡು ಹೆಸರು ಕೇಳಿದರೆ ಒಂದೇ ಮನೆಯ ಮಕ್ಕಳು ಅನ್ನಿಸಿದರೆ ಸಾಕು.

ದೂರದ ಸ್ಕಾಟ್ಲೆಂಡಿನಲ್ಲೂ ಹಿಂದೆ ಇಂಥದೇ ಪದ್ಧತಿಯಿತ್ತು. ಮೊದಲ ಮಗನಿಗೆ ಅಪ್ಪನ ತಂದೆಯ ಹೆಸರು, ಎರಡನೆಯವನಿಗೆ ಅಮ್ಮನ ತಂದೆಯ ಹೆಸರು. ಎಷ್ಟು ನ್ಯಾಯವಾಗಿದೆ ನೋಡಿ! ಮಗಳನ್ನು ಕೊಟ್ಟವರ ಮನೆಯ ಹೆಸರಿಗೂ ಒಂದು ತೊಟ್ಟಿಲು ಸಿಕ್ಕಿತು.

ತಮ್ಮನ ಮಾವನವರ ಹೆಸರು ಕೃಷ್ಣಪ್ಪ. ಮಗುವಿಗೆ ಕೃಷ್ಣ ಎಂದಿಡಿ, ಸಹಪಾಠಿಗಳು ನಗುವಂಥ ಹೆಸರೂ ಅಲ್ಲ ಎಂದೆ. ಅಕ್ಷರದ ಚಿಂತೆ ಬೇಡ. ನಕ್ಷತ್ರನಾಮ ಬೇರೆ, ಕರೆಯುವ ಹೆಸರು ಬೇರೆ ಎಂದು ಎರಡೂ ಇಡುತ್ತಾರಲ್ಲ. ಅವಸರವೂ ಇಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಿದ್ದಾಗಿದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. (ನಿಮ್ಮಲ್ಲಿ ಯಾರಾದರೂ ತಡಮಾಡಿದ್ದರೆ ಗಾಬರಿ ಬೇಡ, ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶವಿದೆ.)

ತಮ್ಮನ ಹೆಂಡತಿ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮಾವನವರು ಮಾತ್ರ, "ಯಾಕಮ್ಮ ನನ್ನ ಹಳೇ ಹೆಸರು" ಎಂದು ಕನ್ನಡಕ ತೆಗೆದು ಒರೆಸುತ್ತಾ ಹೊರಗೆ ಹೋದರು. ಅವರ ಹೆಂಡತಿ ನಮ್ಮಮ್ಮನ ಕಡೆ ತಿರುಗಿ, "ಹಾಗಾದ್ರೆ ನಾನೂ ನಿಮ್ಮ ಹಾಗೆ ಮರಿ ಅಂತಲೇ ಕರೀಬೇಕಾಗತ್ತೆ" ಎಂದರು.

ಅಮ್ಮ ಒಪ್ಪಲಿಲ್ಲ. "ಮರಿ ಆಗ್ಲೇ ನನ್ನದಾಗಿದೆ ಬೀಗಿತ್ತಿಯವರೇ, ನೀವು ಬೇರೆ ಏನಾದ್ರೂ ಹುಡುಕಿಕೊಳ್ಳಿ!"