ಅಣ್ಣನ ಕಂಪ್ಯೂಟರ್ ಮಾತು ಬಿಟ್ಟ ದಿನ

(ಭಾಗ 1)

ಫೋಟೋದಲ್ಲಿರೋದು ನಮ್ಮನೆ ಸಿಪಿಯು ಹಿಂಭಾಗ. ಧೂಳು ಕ್ಷಮಿಸಿ. ಒಂದರ ಕೆಳಗೊಂದು ಮೂರು ತೂತು ಕಾಣ್ತಿವೆಯಲ್ಲ, ನೀಲಿ, ಹಸಿರು, ಗುಲಾಬಿ? ಸ್ಪೀಕರ್ ವೈರ್ ಹಸಿರಿಗೆ ಹಾಕಬೇಕು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮಣ್ಣನಿಗೆ ಮಾತ್ರ ಅದು ಹಸಿರಲ್ಲ, "ನಡುವಿನದು". ಅವನಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ.

ಅವನು ಕಂಪ್ಯೂಟರ್ ಹೇಗೆ ಬಳಸ್ತಾನೆ ಅಂತ ತುಂಬಾ ಜನ ಕೇಳ್ತೀರಿ. ಎನ್‌ವಿಡಿಎ ಅಂತ ಒಂದು ಸಾಫ್ಟ್‌ವೇರ್ ಇದೆ, ಪರದೆ ಮೇಲಿರೋದನ್ನ ಓದಿ ಹೇಳುತ್ತೆ. ದುಡ್ಡು ಕೊಡಬೇಕಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನ ಬರೆಯೋಕೆ ಶುರು ಮಾಡಿದ್ರು. ಅವರಿಗೂ ಕಣ್ಣು ಕಾಣಲ್ಲ. ಅದರ ಜೊತೆಗೇ ಬರೋ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತೆ. ಕೇಳಿದ್ರೆ ರೋಬೋ ನೆಗಡಿ ಹಿಡಿದು ಮಾತಾಡ್ದಂಗಿರುತ್ತೆ, ಅದು ಬೇರೆ ಮಾತು. ಅಣ್ಣ ಅದನ್ನ ಎಷ್ಟು ಸ್ಪೀಡಲ್ಲಿ ಇಟ್ಕೊಂಡಿದ್ದಾನೆ ಅಂದ್ರೆ ನನಗೆ ಒಂದು ಪದವೂ ಹತ್ತಲ್ಲ.

ಹಾಗಾಗಿ ಈಗ ಹೇಳೋದನ್ನ ಸ್ವಲ್ಪ ನಿಂತು ಯೋಚಿಸಿ. ನಿಮ್ಮ ಕಂಪ್ಯೂಟರ್‌ನಲ್ಲಿ ಸೌಂಡ್ ಹೋದ್ರೆ ಹಾಡು ಹೋಯ್ತು, ಅಷ್ಟೇ. ಅವನಿಗೆ ಸೌಂಡ್ ಹೋದ್ರೆ ಮಾನಿಟರ್ರೇ ಹೋದಂಗೆ.

ಹೋಗಿದ್ದು ಒಂದು ಗುರುವಾರ ಸಂಜೆ. ಭಾನುವಾರ ಅವನಿಗೆ ಬ್ಯಾಂಕ್ ಪರೀಕ್ಷೆ. ಒಂದೂವರೆ ವರ್ಷದ ನೋಟ್ಸ್ ಪೂರ್ತಿ ಆ ಡೆಸ್ಕ್‌ಟಾಪ್‌ನಲ್ಲೇ. ನಾನು ಮೈಸೂರಿನ ಹಾಸ್ಟೆಲ್‌ನಲ್ಲಿ, ಅವನು ಅರಸೀಕೆರೆಯಲ್ಲಿ.

"ಲೋ, ಕಂಪ್ಯೂಟರ್ ಮಾತಾಡ್ತಿಲ್ಲ ಕಣೋ" ಅಂದ.

(ಭಾಗ 2, ಕ್ಯಾಪ್ಶನ್‌ಗೆ ಜಾಗ ಸಾಲಲ್ಲ, ಹಿಂಗೇ ಬನ್ನಿ)

ನಲ್ಲಿಯಲ್ಲಿ ನೀರು ಬರದಿದ್ರೆ ನೀವೇನು ಮಾಡ್ತೀರಿ? ಮೊದಲು ನಲ್ಲಿ ನೋಡ್ತೀರಿ, ಆಮೇಲೆ ವಾಲ್ವ್, ಆಮೇಲೆ ಟ್ಯಾಂಕು, ಕೊನೆಗೆ ಪಕ್ಕದ್ಮನೆಯವರನ್ನ ಕೇಳ್ತೀರಿ. ಸೌಂಡ್ ಹುಡುಕೋದೂ ಹಾಗೇ. ಪ್ಲೇಯರ್‌ನಿಂದ ಹೊರಟ ದನಿ ವಿಂಡೋಸ್ ಆಡಿಯೋ ಸರ್ವೀಸ್ ದಾಟಿ, ಡ್ರೈವರ್ ದಾಟಿ, ಮದರ್‌ಬೋರ್ಡ್ ಮೇಲಿನ ಸೌಂಡ್ ಚಿಪ್‌ಗೆ ಹೋಗಿ, ಅಲ್ಲಿಂದ ವೈರ್ ಹಿಡಿದು ಸ್ಪೀಕರ್‌ಗೆ ಬರುತ್ತೆ. ಎಲ್ಲಿ ತುಂಡಾಗಿದೆ ಅಂತ ಕಂಡುಹಿಡಿದ್ರೆ ಅರ್ಧ ಕೆಲಸ ಮುಗೀತು.

ಫ್ಯಾನ್ ಸದ್ದು ಬರ್ತಿದೆಯಾ ಅಂದೆ. ಬರ್ತಿದೆ ಅಂದ. ಸ್ಪೀಕರ್ ಪಿನ್ ಕಿತ್ತು ಮೊಬೈಲ್‌ಗೆ ಚುಚ್ಚು ಅಂದೆ. ಚುಚ್ಚಿದ, ಹಾಡು ಬಂತು. ಅಂದ್ರೆ ಸ್ಪೀಕರ್, ವೈರ್ ಎರಡೂ ಸರಿ. ಇದನ್ನ ಮಾಡದೇನೇ ಹೊಸ ಸ್ಪೀಕರ್ ತರೋರನ್ನ ನಾನು ನೋಡಿದ್ದೀನಿ (ನಮ್ಮ ರೂಮಲ್ಲೇ ಒಬ್ಬನಿದ್ದಾನೆ, ಟ್ಯಾಗ್ ಮಾಡಲ್ಲ). ಆಮೇಲೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಎನ್‌ವಿಡಿಎ ಮತ್ತೆ ಶುರು ಮಾಡಿದ. ಸದ್ದಿಲ್ಲ. ವಿಂಡೋಸ್‌ದೇ ನ್ಯಾರೇಟರ್ ಹಾಕಿದ. ಅದೂ ಮೂಕ.

ಇನ್ನು ನನಗೆ ಪರದೆ ಕಾಣಲೇಬೇಕು. ವಿಡಿಯೋ ಕಾಲ್ ಮಾಡಿ ಅಮ್ಮನ ಕೈಗೆ ಫೋನ್ ಕೊಟ್ಟಿದ್ದಾಯ್ತು. ಅಣ್ಣನ ಬೆರಳು, ಅಮ್ಮನ ಕ್ಯಾಮೆರಾ, ನನ್ನ ಕಣ್ಣು. ಅಮ್ಮ ಪರದೆ ತೋರಿಸು ಅಂದ್ರೆ ಮೊದಲ ಐದು ನಿಮಿಷ ತನ್ನ ಹೆಬ್ಬೆರಳು ತೋರಿಸಿದ್ಲು.

ಕೆಳಗಡೆ ಬಲಗಡೆ ಸ್ಪೀಕರ್ ಚಿತ್ರದ ಮೇಲೆ ಕೆಂಪು ಇಂಟು ಗುರುತು. ಅದರ ಮೇಲೆ ಮೌಸ್ ಇಟ್ಟಾಗ "ನೋ ಆಡಿಯೋ ಔಟ್‌ಪುಟ್ ಡಿವೈಸ್ ಈಸ್ ಇನ್‌ಸ್ಟಾಲ್ಡ್" ಅಂತ ಬಂತು. ಈ ಸಾಲನ್ನ ಸರಿಯಾಗಿ ಓದಿ. ಬರೀ ಮ್ಯೂಟ್ ಆಗಿದ್ರೆ ಹೀಗೆ ಬರಲ್ಲ. ಸರ್ವೀಸ್ ನಿಂತಿದ್ರೆ "ಆಡಿಯೋ ಸರ್ವೀಸ್ ರನ್ ಆಗ್ತಿಲ್ಲ" ಅನ್ನುತ್ತೆ. ಇದು ಹೇಳ್ತಿರೋದು, ದನಿ ಹೊರಗೆ ಹಾಕೋ ಸಾಧನವೇ ನನಗೆ ಕಾಣ್ತಿಲ್ಲ ಅಂತ. ಅಲ್ಲಿಗೆ ಅನುಮಾನ ನೇರ ಡ್ರೈವರ್ ಮೇಲೆ.

"ಡ್ರೈವರ್ ಹೋಗಿದ್ದಾನೆ ಅನ್ಸುತ್ತೆ ಅಮ್ಮ" ಅಂದೆ.

"ಎಲ್ಲಿಗೆ ಹೋದ್ನಂತೆ?" ಅಂದ್ಲು. ಅಣ್ಣ ಆ ಟೆನ್ಷನ್‌ನಲ್ಲೂ ನಕ್ಕ.

(ಭಾಗ 3)

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬಿಟ್ಟು, ಎಮ್ ಒತ್ತಿದ್ರೆ ಡಿವೈಸ್ ಮ್ಯಾನೇಜರ್ ತೆರೆಯುತ್ತೆ. ಸೌಂಡ್ ಅನ್ನೋ ಸಾಲಿನ ಕೆಳಗೆ ಹಳದಿ ತ್ರಿಕೋನ. ಪ್ರಾಪರ್ಟೀಸ್ ತೆಗೆದ್ರೆ ಕೋಡ್ 10, ಈ ಸಾಧನ ಶುರು ಆಗಲ್ಲ ಅಂತ. (ಕೋಡ್ 28 ಬಂದಿದ್ರೆ ಡ್ರೈವರ್ ಹಾಕೇ ಇಲ್ಲ ಅಂತ ಅರ್ಥ. ಈ ನಂಬರ್ ಬರ್ಕೊಳ್ಳಿ, ಹುಡುಕೋಕೆ ಸಲೀಸು.) ಸರಿ, ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೇದಕ್ಕೆ ಹೋಗೋಣ ಅಂದ್ರೆ ಆ ಬಟನ್ ಮಸುಕಾಗಿ ಕೂತಿದೆ, ಒತ್ತೋಕೇ ಆಗಲ್ಲ. ಹಳೇ ಡ್ರೈವರ್ ವಿಂಡೋಸ್ ಹತ್ರ ಉಳಿದಿದ್ರೆ ಮಾತ್ರ ಅದು ಜೀವಂತ ಇರುತ್ತೆ. ಸಿಸ್ಟಮ್ ರಿಸ್ಟೋರ್ ನೋಡಿದ್ರೆ ಆಫ್.

ಅಷ್ಟು ಹೊತ್ತಿಗೆ ರಾತ್ರಿ ಒಂಬತ್ತೂವರೆ. ಅಮ್ಮನ ಕೈ ನೋಯ್ತಿತ್ತು, ಒಲೆ ಮೇಲೆ ಸಾರು ಬೇರೆ. ನಾನು "ಎಡಕ್ಕೆ, ಅಲ್ಲ ಮೇಲಕ್ಕೆ, ಅಯ್ಯೋ ಅಲ್ಲಾಡಿಸಬೇಡ" ಅಂತ ಕೂಗಾಡ್ತಿದ್ದೆ. ತನ್ನದೇ ಕಂಪ್ಯೂಟರ್ ಮುಂದೆ ಅಣ್ಣ ಸುಮ್ಮನೆ ಕೂತಿದ್ದ. ಅದನ್ನ ಆಗ ನಾನು ಗಮನಿಸಲೇ ಇಲ್ಲ, ಈಗ ಬರೀತಾ ನೆನಪಾಗ್ತಿದೆ.

ಆಗ ಅವನೇ ಕೇಳಿದ. "ಆನ್‌ಲೈನ್ ಕ್ಲಾಸ್‌ಗೆ ತಂದಿದ್ನಲ್ಲ ಯುಎಸ್‌ಬಿ ಹೆಡ್‌ಸೆಟ್, ಅದು ಹಾಕಿದ್ರೆ?"

ನನಗೆ ಹಣೆ ಚಚ್ಚಿಕೊಳ್ಳೋ ಹಾಗಾಯ್ತು. ಯಾಕಂದ್ರೆ ಯುಎಸ್‌ಬಿ ಹೆಡ್‌ಸೆಟ್‌ಗೆ ಮದರ್‌ಬೋರ್ಡ್‌ನ ಸೌಂಡ್ ಚಿಪ್ ಬೇಕಾಗೇ ಇಲ್ಲ. ಅದರ ಹೊಟ್ಟೆಯಲ್ಲೇ ಒಂದು ಪುಟ್ಟ ಸೌಂಡ್ ಚಿಪ್ ಇರುತ್ತೆ. ಇಂಥವಕ್ಕೆಲ್ಲ ಬೇಕಾದ ಸಾಮಾನ್ಯ ಡ್ರೈವರ್ ವಿಂಡೋಸ್ ಜೊತೆಗೇ ಬಂದಿರುತ್ತೆ. ಕೆಟ್ಟ ದಾರಿ ಬಿಟ್ಟು ಪಕ್ಕದ ದಾರಿ.

ಹಾಕಿದ. ಕಂಟ್ರೋಲ್, ಆಲ್ಟ್, ಎನ್. ಹೆಡ್‌ಸೆಟ್ ಒಳಗಿಂದ ಆ ನೆಗಡಿ ರೋಬೋ ಗೊಣಗಿದ್ದು ವಿಡಿಯೋ ಕಾಲ್‌ನಲ್ಲಿ ನನಗೂ ಸಣ್ಣಗೆ ಕೇಳಿಸ್ತು.

"ಅಮ್ಮ, ನೀನು ಹೋಗಿ ಸಾರು ನೋಡು" ಅಂದ ಅಣ್ಣ.

(ಭಾಗ 4)

ಇಲ್ಲಿಂದ ಮುಂದಕ್ಕೆ ನನ್ನ ಕಣ್ಣು ಬೇಕಾಗಲಿಲ್ಲ. ನಾನು ಫೋನಲ್ಲಿ ಹೇಳ್ತಾ ಹೋದೆ, ಅವನು ಮೌಸ್ ಮುಟ್ಟದೇ ಮಾಡ್ತಾ ಹೋದ. ಅಪ್‌ಡೇಟ್ ಡ್ರೈವರ್, ಅದರಲ್ಲಿ ಎರಡನೇದು, ಅಂದ್ರೆ ಕಂಪ್ಯೂಟರ್ ಒಳಗೇ ಹುಡುಕೋದು. ಅದರೊಳಗೆ "ಪಟ್ಟಿಯಿಂದ ನಾನೇ ಆರಿಸ್ತೀನಿ" ಅನ್ನೋದು. ಪಟ್ಟಿಯಲ್ಲಿ ಎರಡು ಹೆಸರು. ಒಂದು ಈಗ ಕೆಟ್ಟಿರೋದು, ಇನ್ನೊಂದು ಬರೀ "ಹೈ ಡೆಫಿನಿಷನ್ ಆಡಿಯೋ ಡಿವೈಸ್". ಈ ಎರಡನೇದು ಮೈಕ್ರೋಸಾಫ್ಟ್‌ನ ಸಾಮಾನ್ಯ ಡ್ರೈವರ್. ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಅಂತ ಒಂದು ಪದ್ಧತಿ ತಂದಿತ್ತು, ಅದಕ್ಕೂ ಮುಂಚೆ 1997ರ ಎಸಿ 97 ಇತ್ತು. ಈಗಿನ ಡೆಸ್ಕ್‌ಟಾಪ್ ಬೋರ್ಡ್‌ಗಳ ಸೌಂಡ್ ಚಿಪ್ ಯಾವ ಕಂಪನಿದಾದ್ರೂ ಹೆಚ್ಚಿನವು ಆ ಇಂಟೆಲ್ ಪದ್ಧತಿಯನ್ನೇ ಪಾಲಿಸ್ತವೆ, ಅದಕ್ಕೇ ಸಾಮಾನ್ಯ ಡ್ರೈವರ್ ಕೂಡ ದನಿ ಹೊರಡಿಸುತ್ತೆ. ಈಕ್ವಲೈಜರ್ ಥರದ ಅಲಂಕಾರ ಸಿಗದೇ ಹೋಗಬಹುದು. ಅಣ್ಣನಿಗೆ ಅದು ಬೇಕೂ ಇರಲಿಲ್ಲ.

ಎಚ್ಚರಿಕೆ ಕೊಡ್ತು, ಯೆಸ್ ಅಂದ, ರೀಸ್ಟಾರ್ಟ್. ಹೆಡ್‌ಸೆಟ್ ಕಿತ್ತ. ಸ್ಪೀಕರ್ ಮಾತಾಡ್ತು. ಗಂಟೆ ಹತ್ತೂ ಹತ್ತು.

ಇಲ್ಲಿಗೇ ಮುಗಿಸಿದ್ರೆ ಈ ಸರಣಿಯ ಹೀರೋ ನಾನೇ. ಸ್ಟೋರಿಯಲ್ಲಿ ಹಾಗೇ ಹಾಕಿದ್ದೆ ಕೂಡ, "ನೂರಾರು ಕಿಲೋಮೀಟರ್ ದೂರದಿಂದ ರಿಪೇರಿ" ಅಂತ. ತುಂಬಾ ಜನ ಬೆಂಕಿ ಎಮೋಜಿ ಕಳ್ಸಿದ್ರಿ. ದೂರ ನೂರಾರು ಇಲ್ಲ ಅನ್ನೋದು ಹೋಗಲಿ, ಹೇಳದೇ ಬಿಟ್ಟಿದ್ದು ಇನ್ನೊಂದಿದೆ.

ಅಣ್ಣ ಫೋನ್ ಇಡಲಿಲ್ಲ. "ಇರು, ಇದು ಯಾಕೆ ಹಾಳಾಯ್ತು ನೋಡೋಣ" ಅಂತ ಇನ್‌ಸ್ಟಾಲ್ ಆಗಿರೋ ಪ್ರೋಗ್ರಾಂಗಳ ಪಟ್ಟಿ ತೆಗೆದ. ಒಂದೊಂದೇ ಕೇಳ್ತಾ ಕೆಳಗೆ ಹೋದ. ಒಂದು ಹೆಸರಿನ ಹತ್ರ ನಿಂತ. ವಾಪಸ್ ಬಂದು ಮತ್ತೆ ಓದಿಸಿದ.

"ಡ್ರೈವರ್ ಅಪ್‌ಡೇಟರ್ ಅಂತ ಏನೋ ಇದೆ. ದೀಪಾವಳಿ ಮಾರನೇ ದಿನದ ತಾರೀಕು. ಯಾರು ಹಾಕಿದ್ದೋ ಇದು?"

ದೀಪಾವಳಿಗೆ ಊರಿಗೆ ಹೋಗಿದ್ದು ನಾನು. ಗೇಮ್ ಲ್ಯಾಗ್ ಆಗ್ತಿತ್ತು. ಎಲ್ಲೋ ಫ್ರೀ ಅಂತ ಸಿಕ್ಕ ಟೂಲ್ ಹಾಕಿದೆ, ಹನ್ನೊಂದು ಡ್ರೈವರ್ ಹಳೇದಾಗಿವೆ ಅಂತ ಕೆಂಪಕ್ಷರದಲ್ಲಿ ಹೆದರಿಸ್ತು, ತಾನಾಗಿ ಅಪ್‌ಡೇಟ್ ಮಾಡ್ಕೋ ಅನ್ನೋ ಡಬ್ಬಿಗೆ ಟಿಕ್ ಹಾಕಿ ಬಸ್ಸು ಹತ್ತಿದೆ. ಆ ಗುರುವಾರ ಅದು ತನ್ನ ಪಾಡಿಗೆ ಎದ್ದು, ಸರಿಯಿದ್ದ ಡ್ರೈವರ್ ತೆಗೆದು, ಹೊಂದದ್ದು ಹಾಕಿತ್ತು.

ಫೋನಲ್ಲಿ ನಾನು ಉಸಿರು ಬಿಡಲಿಲ್ಲ. ಅಣ್ಣನಿಗೆ ಮೌನ ಓದೋಕೂ ಬರುತ್ತೆ.

"ಸರಿ, ಊಟ ಮಾಡಿ ಮಲ್ಕೋ" ಅಂದ. ಬೈದಿದ್ರೆ ವಾಸಿಯಿತ್ತು.

(ಭಾಗ 5, ಕೊನೇದು)

ಡಿಎಮ್‌ನಲ್ಲಿ ಕೇಳೋ ಮುಂಚೆ ಹೇಳ್ಬಿಡ್ತೀನಿ. ಡ್ರೈವರ್ ಬೇಕಾದ್ರೆ ನಿಮ್ಮ ಪಿಸಿ ಅಥವಾ ಮದರ್‌ಬೋರ್ಡ್ ತಯಾರಕರ ಸೈಟಿಂದ, ಮಾಡೆಲ್ ನೋಡಿ ಇಳಿಸ್ಕೊಳ್ಳಿ. ಮಾಡೆಲ್ ಗೊತ್ತಿಲ್ವಾ? ವಿಂಡೋಸ್ ಸರ್ಚ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಷನ್ ಅಂತ ಹುಡುಕಿ, ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನೋ ಸಾಲಲ್ಲಿರುತ್ತೆ. ಚಿಪ್ ಯಾರದ್ದು ಅಂತ ಡಿವೈಸ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಹೇಳುತ್ತೆ: ವೆಂಡರ್ ಸಂಖ್ಯೆ 10ಇಸಿ ಇದ್ರೆ ರಿಯಲ್‌ಟೆಕ್, 8086 ಇದ್ರೆ ಇಂಟೆಲ್. (8086 ಅನ್ನೋದು 1978ರ ಅವರದೇ ಪ್ರೊಸೆಸರ್ ಹೆಸರು. ಕಂಪನಿಯವರಿಗೂ ಸೆಂಟಿಮೆಂಟ್ ಇರುತ್ತೆ.) ಎಚ್‌ಡಿಎಮ್‌ಐ ಮಾನಿಟರ್ ಹಾಕಿದ ಮೇಲೆ ಸೌಂಡ್ ಹೋಗಿದ್ರೆ ಡ್ರೈವರ್ ಮುಟ್ಟೋ ಮೊದಲು ಔಟ್‌ಪುಟ್ ಯಾವುದಕ್ಕೆ ಹೋಗ್ತಿದೆ ನೋಡಿ, ಸ್ಪೀಕರ್ರೇ ಇಲ್ಲದ ಮಾನಿಟರ್‌ಗೆ ಹೋಗ್ತಿರಬಹುದು.

ಮನೇಲಿ ಸ್ಕ್ರೀನ್ ರೀಡರ್ ಬಳಸೋರು ಇದ್ರೆ ಒಂದು ಯುಎಸ್‌ಬಿ ಹೆಡ್‌ಸೆಟ್ ಕೈಗೆ ಸಿಗೋ ಹಾಗಿಡಿ. ಅಣ್ಣ ಈಗ ಟೇಬಲ್ ಪಕ್ಕ ಮೊಳೆ ಹೊಡೆಸಿ ನೇತುಹಾಕಿದ್ದಾನೆ.

ಭಾನುವಾರ ಪರೀಕ್ಷೆ ಬರೆದ. ರಿಸಲ್ಟ್ ಇನ್ನೂ ಬಂದಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಭ್ಯಾಸದಂತೆ ಡೆಸ್ಕ್‌ಟಾಪ್ ಆನ್ ಮಾಡಿದೆ. ಪಾಸ್‌ವರ್ಡ್ ಕೇಳ್ತು. ಮುಂಚೆ ಇರಲಿಲ್ಲ. "ಏನಣ್ಣ ಪಾಸ್‌ವರ್ಡು?" ಅಂದೆ.

"ಏನು ಹಾಕ್ಬೇಕಿತ್ತು?" ಅಂದ, ಎಳ್ಳುಬೆಲ್ಲ ಅಗೀತಾ.

ಈ ಪೋಸ್ಟ್ ಹಾಕೋವರೆಗೂ ಹೇಳಿಲ್ಲ.